ಬೂಟಿನ ಮೇಲಿನ ಎರಡು ಕೆಂಪು ಗೆರೆ

ದೋನ್ಯಾ ತಿಮೊತೆಯಾ ತಮ್ಮ ಉಗುರಿಗೆ ಯಾವತ್ತೂ ಬಣ್ಣ ಹಚ್ಚಿದವರಲ್ಲ. ಮಗಳ ಮದುವೆಗೆ ತಂದ ಕೆಂಪು ಉಗುರುಬಣ್ಣದ ಸೀಸೆ ಮದುವೆ ಮುಗಿದ ಮೇಲೂ ಮುಕ್ಕಾಲು ಪಾಲು ಉಳಿದಿತ್ತು. ಅದನ್ನು ಅವರು ಬೂಟಿಗೆ ಹಚ್ಚಿದರು. ಬೂಟು ತೀರಿಹೋದ ಗಂಡನದು, ಮೊಣಕಾಲಿನವರೆಗೆ ಬರುವ ಕಪ್ಪು ರಬ್ಬರಿನದು. ಮುಂದೆ ಚಿಂದಿ ತುರುಕದಿದ್ದರೆ ಅವರ ಪಾದ ಅದರೊಳಗೆ ಸುತ್ತು ಹೊಡೆಯುತ್ತದೆ. ಒಂದೊಂದರ ಮೇಲೂ ಎರಡೆರಡು ಗೆರೆ. ಹುಲ್ಲು ಮೇಲಿನ ಗೆರೆ ಮುಟ್ಟಿದರೆ ದನ ಹುಲ್ಲುಗಾವಲಿನ ಒಳಗೆ, ಕೆಳಗಿನ ಗೆರೆಗೆ ಇಳಿದರೆ ದನ ಹೊರಗೆ. ಅವರ ಗೋವಿದ್ಯೆ ಪೂರ್ತಿ ಇಷ್ಟೇ.

ಅದನ್ನು ಕಲಿತ ಕತೆಯನ್ನು ಅವರು ಬೇಲಿಯಾಚೆ ನಿಂತು ನನ್ನ ತಾಯಿಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ.

"ಮೂರು ದಿನ ನಲವತ್ತು ಗಂಡಸ್ರಿಗೆ ರೊಟ್ಟಿ ತಟ್ಟಿದೆ ಕಣೆ. ಹುಲ್ಲು ಬೆಳೆಸೋದು ಕಲಿಯೋಕೆ ಬಂದವ್ರು, ಉಂಡಿದ್ದೇ ತಡ ಕುರ್ಚೀಲೇ ಗೊರಕೆ! ಕಲಿಸೋಕೆ ಬಂದ ಹುಡುಗ ಪಾಪ ಯಾರಿಗೆ ಹೇಳ್ತಾನೆ? ಒಲೆ ಮುಂದೆ ಕೂತು ನಾನೊಬ್ಳೇ ಕೇಳಿಸ್ಕೊಂಡೆ. ಇಷ್ಟು ಸೆಂಟಿಮೀಟರ್, ಅಷ್ಟು ಸೆಂಟಿಮೀಟರ್ ಅಂದ. ನಂಗೆಲ್ಲಿ ಅಂಕಿ ಬರುತ್ತೆ? ಅವನ ಅಳತೆಕೋಲಿನ ಪಕ್ಕ ಕಾಲಿಟ್ಟು ಇದ್ದಿಲಲ್ಲಿ ಗೀಚ್ಕೊಂಡೆ."

ಇದ್ದಿಲು ಮಳೆಗೆ ತೊಳೆದುಹೋಗುತ್ತಿದ್ದುದರಿಂದ ಉಗುರುಬಣ್ಣ ಬಂತು. ವಿಧವೆಗೆ ಶೋಕಿ ಹತ್ತಿದೆ ಎಂದು ನಮ್ಮ ಓಲಾಂಚೊದ ಗಂಡಸರು ಕುದುರೆಯ ಮೇಲಿಂದಲೇ ನಕ್ಕರು. ಆ ವರ್ಷ ಬೇಸಿಗೆಯಲ್ಲಿ ಅವರ ದನಗಳು ಒಣಕಡ್ಡಿ ನೆಕ್ಕುತ್ತಿದ್ದಾಗ ದೋನ್ಯಾ ತಿಮೊತೆಯಾರ ಏಳು ಹಸುಗಳು ಹಾಲು ಕೊಡುತ್ತಲೇ ಇದ್ದವು. ಆಮೇಲೆ ನಕ್ಕವರು ಕಡಿಮೆ.

ಇನ್ನು ನಾನು. ನನ್ನ ಹೆಸರು ದೆಲ್ಮಿಸ್, ಹದಿನೇಳು ವರ್ಷ. ಎಂಟನೇ ತರಗತಿಯಲ್ಲಿ ನೀರಿನ ಚಕ್ರದ ಬಗ್ಗೆ ಎಲ್ಲರೆದುರು ನಿಂತು ಮಾತನಾಡಬೇಕಿತ್ತು. ಎದ್ದೆ, "ನೀರು" ಎಂದೆ, ಕೂತೆ. ಮರುದಿನ ಶಾಲೆಗೆ ಹೋಗಲಿಲ್ಲ, ಮರುವರ್ಷವೂ ಹೋಗಲಿಲ್ಲ. ಕಳೆದ ಆಗಸ್ಟಿನಲ್ಲಿ ಅಪ್ಪ ನಮ್ಮ ಒಂಬತ್ತು ದನಗಳನ್ನೂ ಬೇಲಿ ಹಾಕಿ ನಾಲ್ಕು ಪಾಲು ಮಾಡಿದ ಹುಲ್ಲುಗಾವಲನ್ನೂ ನನಗೆ ಒಪ್ಪಿಸಿದರು.

"ಸತ್ತವರ ಹಬ್ಬದ ಹೊತ್ತಿಗೆ ಹುಲ್ಲು ನೆಟ್ಟಗಿದ್ರೆ ದನ ನಿಂದು. ಇಲ್ಲಾಂದ್ರೆ ಹುತಿಕಾಲ್ಪ ಪೇಟೆಗೆ, ನಿಮ್ಮತ್ತೆ ಅಂಗಡಿಗೆ. ಗಿರಾಕಿ ಜೊತೆ ಮಾತಾಡಿ ಮಾತಾಡಿ ಬಾಯಾದ್ರೂ ಬರುತ್ತೆ."

ಅತ್ತೆಯ ಅಂಗಡಿಗೆ ದಿನಕ್ಕೆ ಇನ್ನೂರು ಜನ ಬರುತ್ತಾರೆ. ಇನ್ನೂರು ಸಲ "ಏನು ಬೇಕಿತ್ತು?" ಎನ್ನಬೇಕು. ಅದರ ಬದಲು ಒಂಬತ್ತು ಹಸುಗಳ ಕಾಲಡಿ ಮಲಗುವುದು ಲೇಸೆನಿಸಿತು.

ದೋನ್ಯಾ ತಿಮೊತೆಯಾರನ್ನು ಕೇಳಿದ್ದರೆ ಒಂದೇ ನಿಮಿಷದಲ್ಲಿ ಹೇಳಿಕೊಡುತ್ತಿದ್ದರು. ಆದರೆ ಕೇಳಲು ಬಾಯಿ ತೆರೆಯಬೇಕಲ್ಲ! ಅದಕ್ಕೇ ನಾನು ಕಳ್ಳತನದ ಕಷ್ಟದ ದಾರಿ ಹಿಡಿದೆ. ಮಧ್ಯಾಹ್ನ ಅವರು ಮಲಗಿದ ಹೊತ್ತಿಗೆ ಬೇಲಿಯ ಬಳಿ ಹೋದೆ. ಎಲ್ಲರಂತೆ ಅವರೂ ಬೂಟು ಒಣಗಲೆಂದು ಬೇಲಿಬಾಗಿಲಿನ ಒಣ ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿದ್ದರು. ಬಾಯಂಚಿನಿಂದ ಒಂದೊಂದು ಗೆರೆಗೆ ಎಷ್ಟು ದೂರ ಎಂದು ದಾರ ಹಿಡಿದು ಗಂಟು ಹಾಕಿಕೊಂಡೆ. ಒಂದು ಸಲ ಅಳೆದರೆ ತಪ್ಪಬಹುದೆಂದು ಮೂರು ಸಲ ಅಳೆದೆ. ನೋಟುಬುಕ್ಕಿನಲ್ಲಿ ಚಿತ್ರ ಬರೆದು ಅಡಿಗೆರೆ ಹಾಕಿದೆ. ಮನೆಗೆ ಬಂದು ನನ್ನ ಬೂಟಿನ ಮೇಲೆ, ಅಂಚಿನಿಂದ ಅಷ್ಟೇ ದೂರಕ್ಕೆ, ಕೂದಲೆಳೆಯೂ ಆಚೀಚೆ ಆಗದಂತೆ ಗೆರೆ ಎಳೆದೆ.

ನನ್ನ ಬೂಟು ಮೀನಖಂಡದ ಅರ್ಧಕ್ಕೆ ನಿಲ್ಲುವ ಗಿಡ್ಡ ಬೂಟು. ಕೆಳಗಿನ ಗೆರೆ ಅಟ್ಟೆಯ ಮೇಲೆಯೇ ಬಂದು ಕೂತಿತು. ಅದು ನನ್ನ ಕಣ್ಣಿಗೆ ಬೀಳಲಿಲ್ಲವೆಂದಲ್ಲ. ಬಿತ್ತು. ಮೂರು ಸಲ ಅಳೆದದ್ದು ತಪ್ಪಾಗಲು ಹೇಗೆ ಸಾಧ್ಯ ಎಂದುಕೊಂಡೆ.

ಎರಡು ತಿಂಗಳು ಗೆರೆಯನ್ನು ದೇವರ ವಾಕ್ಯದಂತೆ ಪಾಲಿಸಿದೆ. ಅಕ್ಟೋಬರ್ ಬರುವಷ್ಟರಲ್ಲಿ ನಾಲ್ಕೂ ಪಾಲು ಆಗತಾನೆ ಕ್ಷೌರ ಮಾಡಿಸಿಕೊಂಡ ತಲೆಯಂತಾದವು. ಗಾರ್ಸಾ ಎಂಬ ನಮ್ಮ ಬಿಳಿ ಹಸು ಮುಳ್ಳುತಂತಿಯೊಳಗೆ ಕತ್ತು ತೂರಿಸಿ ಪಕ್ಕದ ಹುಲ್ಲು ಕದಿಯತೊಡಗಿತು. ಯಜಮಾನಿಯ ಬುದ್ಧಿಯೇ! ಅಪ್ಪ ಬೈಯಲಿಲ್ಲ. ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದರು. "ನಿಮ್ಮತ್ತೆ ನಿನ್ನ ಅಳತೆಗೆ ಏಪ್ರನ್ ಹೊಲಿಸಿದ್ದಾಳಂತೆ."

ಮರುದಿನ ಬೆಳಿಗ್ಗೆ ಗಾರ್ಸಾದ ಕತ್ತನ್ನು ತಂತಿಯಿಂದ ಬಿಡಿಸುತ್ತಿದ್ದಾಗ ದೋನ್ಯಾ ತಿಮೊತೆಯಾ ಬಂದು ನನ್ನ ಪಕ್ಕದಲ್ಲೇ ನಿಂತರು. ಕೆಳಗೆ ನೋಡಿದರು. ಅವರ ಬೂಟು, ನನ್ನ ಬೂಟು, ಅಕ್ಕಪಕ್ಕ.

"ಇದೇನೇ ಇದು? ಗೆರೆ ಯಾರು ಹಾಕಿದ್ದು?"

"ನಾನೇ."

"ಎಲ್ಲಿಂದ ಅಳೆದೆ?"

ನಾನು ಬೂಟಿನ ಬಾಯಂಚು ಮುಟ್ಟಿ ತೋರಿಸಿದೆ. ಅವರು ನಕ್ಕ ಸದ್ದಿಗೆ ಗಾರ್ಸಾ ತಾನಾಗಿಯೇ ಕತ್ತು ಹಿಂದಕ್ಕೆಳೆದುಕೊಂಡಿತು.

"ಅಯ್ಯೋ ನನ್ ಮಗಳೇ, ಹುಲ್ಲೇನು ಆಕಾಶದಿಂದ ಇಳಿಯುತ್ತಾ? ನೆಲದಿಂದ ಅಳೀಬೇಕು ಕಣೆ!" ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ಅಳಬೇಡ. ಮಳೆ ಇನ್ನೂ ಇದೆ. ಇವತ್ತಿಂದ ನಾಲ್ಕೂ ಪಾಲಿನ ಬಾಗಿಲು ಹಾಕು."

"ದನ ಏನು ತಿನ್ಬೇಕು?"

"ಬೇಲಿ ತಿನ್ಲಿ."

ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ, ದನ ಬೇಲಿ ಮೇಯುವುದನ್ನು ಕೇಳಿರಲಿಲ್ಲ. ಅವರು ತೋರಿಸಿದ್ದು ಮದ್ರೆಯಾದೊ ಮರಗಳನ್ನು. ನಮ್ಮ ಬೇಲಿಗೂಟಗಳೆಲ್ಲ ಅವೇ, ನೆಟ್ಟಲ್ಲೇ ಚಿಗುರಿ ಸೊಪ್ಪು ತುಂಬಿಕೊಂಡಿದ್ದವು.

"ಇವತ್ತು ಕಡಿದದ್ದು ನಾಳೆಗೆ. ನೆರಳಲ್ಲಿ ಬಾಡಿಸು, ಹಸೀದ್ರ ವಾಸನೆಗೆ ದನ ಮೂಗು ಮುರಿಯುತ್ತೆ. ಒಂದು ಪಾಲು ಸೊಪ್ಪಿಗೆ ಎರಡು ಪಾಲು ಕಬ್ಬು, ಸಣ್ಣಗೆ ಕೊಚ್ಚು, ಉಪ್ಪುನೀರು ಚಿಮುಕಿಸು. ಮೊದಲ ದಿನ ಒಂದೊಂದೇ ಹಿಡಿ. ಇನ್ನೊಂದ್ಸಲ ಏನಾದ್ರೂ ಬೇಕಾದ್ರೆ ಬಾಯಿಬಿಟ್ಟು ಕೇಳು, ನಾನೇನು ಹುಲೀನಾ?"

ಮೊದಲ ದಿನ ಗಾರ್ಸಾ ಮೂಸಿ ನನ್ನ ಮುಖಕ್ಕೇ ಸೀನಿತು. ನಾಲ್ಕನೇ ದಿನ ತಿಂದಿತು. ಇಪ್ಪತ್ತೊಂಬತ್ತು ದಿನ ಮಚ್ಚು ಹಿಡಿದು ಅಂಗೈ ತುಂಬ ಬೊಬ್ಬೆ ಎದ್ದವು. ಬೂಟಿನ ಹಳೆಯ ಗೆರೆಗಳನ್ನು ಕೆರೆದು, ದೋನ್ಯಾ ತಿಮೊತೆಯಾರ ಪಕ್ಕದಲ್ಲೇ ಕಾಲಿಟ್ಟು, ನೆಲದಿಂದ ಅಳೆದು ಹೊಸದು ಹಾಕಿದೆ. ಮೇಲಿನ ಗೆರೆಗೆ ನನ್ನ ಬೂಟು ಸಾಲದೆ, ಅದನ್ನು ಮೊಣಕಾಲಿನ ಕೆಳಗೆ ಚರ್ಮದ ಮೇಲೇ ಎಳೆದುಕೊಳ್ಳಬೇಕಾಯಿತು.

ಸತ್ತವರ ಹಬ್ಬದ ದಿನ ಅಜ್ಜಿಯ ಸಮಾಧಿಗೆ ಹೂವಿಟ್ಟು ಬಂದು ಅಪ್ಪ ನೇರ ಹುಲ್ಲುಗಾವಲಿಗೆ ನಡೆದರು. ಮೂರು ಪಾಲಿನಲ್ಲಿ ಹುಲ್ಲು ನನ್ನ ಕಾಲಿನ ಗೆರೆ ಮುಟ್ಟಿತ್ತು. ನಾಲ್ಕನೆಯದರಲ್ಲಿ ಬರೀ ಕಳೆ. ನಾನು ನೋಟುಬುಕ್ಕಿನಲ್ಲಿ ಎರಡು ಪುಟ ವಿವರಣೆ ಬರೆದು ಬಾಯಿಪಾಠ ಮಾಡಿದ್ದೆ. "ಹುಲ್ಲು" ಎಂದೆ, ನಿಂತುಬಿಟ್ಟೆ.

"ನಾಲ್ಕನೇದು?" ಎಂದರು ಅಪ್ಪ.

ಬೇಲಿಯಾಚೆಯಿಂದ ದೋನ್ಯಾ ತಿಮೊತೆಯಾ ನೋಡುತ್ತಿದ್ದರು, ಆದರೆ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ನಾನೇ ಆಡಬೇಕಾಯಿತು.

"ನಾನು ಕೆಡಿಸಿದ್ದು. ಮೇಲಿಂದ ಅಳೆದೆ. ದೋನ್ಯಾ ತಿಮೊತೆಯಾ ಹತ್ರ ಹುಲ್ಲಿನ ಬುಡ ಕೇಳಿದೀನಿ, ನಾಳೆಯಿಂದ ನೆಡ್ತೀನಿ."

"ಕೇಳಿದ್ಯಾ? ನೀನು? ಬಾಯಿಬಿಟ್ಟು?" ಅಪ್ಪ ಬೇಲಿಯ ಕಡೆ ತಿರುಗಿದರು.

"ಎರಡು ಸಲ ಕೇಳಿದ್ಲು," ಎಂದರು ದೋನ್ಯಾ ತಿಮೊತೆಯಾ. "ಮೊದಲನೇ ಸಲ ನಂಗೆ ಕೇಳಿಸ್ಲಿಲ್ಲ."

ಮರುದಿನ ಬೆಳಿಗ್ಗೆ ಅಪ್ಪನ ಮೊಣಕಾಲೆತ್ತರದ ಬೂಟುಗಳು ನನ್ನ ಬಾಗಿಲಲ್ಲಿದ್ದವು. ಗೂಟದ ಮೇಲಲ್ಲ, ನೆಲದ ಮೇಲೆ, ನೆಟ್ಟಗೆ ನಿಂತಿದ್ದವು. ಪಕ್ಕದಲ್ಲಿ ಉಗುರುಬಣ್ಣದ ಸೀಸೆ.

ಅತ್ತೆ ಹೊಲಿಸಿದ ಏಪ್ರನ್ ಮಾತ್ರ ಬಂದೇ ಬಂತು. ಸೊಪ್ಪು ಕೊಚ್ಚುವಾಗ ಕಟ್ಟಿಕೊಳ್ಳುತ್ತೇನೆ. ಅಳತೆ ಸರಿಯಾಗಿದೆ.