ಜಯಮ್ಮ ಇಟ್ಟ ಕಲ್ಲುಗಳು

ಗಾಜಿನ ತೊಟ್ಟಿಗೆ ನೀರು ತುಂಬುತ್ತಿದ್ದಂತೆ, ನಾನು ನಡುವೆ ನಿಲ್ಲಿಸಿದ್ದ ಕಾಫಿ ಗಿಡದ ಒಣಬೇರು ಸುತ್ತಲಿನ ಗಿಡಗಳನ್ನೂ ಕಿತ್ತುಕೊಂಡು ಮೇಲಕ್ಕೆ ತೇಲಿತು. ಅದು ಸರಿಯಾಗಿ ನೆನೆದಿರಲಿಲ್ಲ. ಕುಶಾಲನಗರದ ಸಭಾಂಗಣದಲ್ಲಿ ಅಂದು ಅಕ್ವೇರಿಯಂ ಸ್ಪರ್ಧೆ. ಜೀವಂತ ಗಿಡ, ಕಲ್ಲು, ಮರದ ಬೇರುಗಳಿಂದ ತೊಟ್ಟಿಯೊಳಗೆ ಒಂದು ಪುಟ್ಟ ನಿಸರ್ಗವನ್ನೇ ಕಟ್ಟಬೇಕು. ತೀರ್ಪುಗಾರರು ಬರಲು ಅರ್ಧ ಗಂಟೆಯಷ್ಟೇ ಉಳಿದಿತ್ತು. ಬೇರಿನ ಮೇಲೆ ಕಲ್ಲು ಹೇರಿದೆ, ಜಾರಿ ಬಿತ್ತು. ನನಗೆ ಅಳುವೇ ಬಂತು.

ಅಲ್ಲೇ ನೆಲ ಒರೆಸುತ್ತಿದ್ದ ಹೆಂಗಸು ಕೋಲನ್ನು ಗೋಡೆಗೆ ಒರಗಿಸಿ ಬಂದರು. ಹೆಸರು ಜಯಮ್ಮ. "ಹೊಳೆ ಹಿಂಗೆ ಕಲ್ಲು ಇಡಲ್ಲ ಕಣಮ್ಮ. ನಾನು ಹೊಳೆದಂಡೆ ಶಿರಂಗಾಲದೋಳು, ದಿನಾ ನೋಡ್ತೀನಲ್ಲ. ಬೇರಿನ ಸಂದೀಲಿ ಸಿಗಿಸ್ಬೇಕು."

ಸ್ಪರ್ಧಿಗೆ ಒಬ್ಬ ಸಹಾಯಕರನ್ನು ಇಟ್ಟುಕೊಳ್ಳಲು ಅವಕಾಶವಿತ್ತು, ನಾನು ಒಬ್ಬಳೇ ಬಂದಿದ್ದೆ. "ಹಾಗಾದ್ರೆ ನೀವೇ ಸಿಗಿಸಿಕೊಡಿ" ಎಂದೆ. ಅವರು ಕೈ ತೊಳೆದು ಬಂದು, ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿ, ದೊಡ್ಡ ಕಲ್ಲೊಂದನ್ನು ಬೇರಿನ ಕವಲಿಗೆ ಒತ್ತಿ ಕೂರಿಸಿದರು. ಚಿಕ್ಕ ಕಲ್ಲುಗಳನ್ನು ಅದರ ಮಗ್ಗುಲಿಗೆ ಚೆಲ್ಲಿದರು. ಬೇರು ಮತ್ತೆ ಅಲುಗಲಿಲ್ಲ. ನಾನು ಗಡಿಬಿಡಿಯಲ್ಲಿ ಗಿಡಗಳನ್ನು ನೆಟ್ಟೆ.

ತೀರ್ಪುಗಾರರೊಬ್ಬರು ಬಹಳ ಹೊತ್ತು ಬಗ್ಗಿ ನೋಡಿ, ಈ ಕಲ್ಲು ಜೋಡಿಸಿದ್ದು ಯಾರೆಂದು ಕೇಳಿದರು. ಬಾಗಿಲ ಬಳಿ ನಿಂತಿದ್ದ ಜಯಮ್ಮನನ್ನು ತೋರಿಸಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ನಮಗೆ ಎರಡನೇ ಬಹುಮಾನ ಬಂತು. ತೊಟ್ಟಿಯ ಮುಂದಿನ ಚೀಟಿಯಲ್ಲಿ ನನ್ನ ಹೆಸರಿಗಿಂತ ಮೇಲೆ ಅವರ ಹೆಸರು ಬರೆದೆ. ಈಗ ಪ್ರತಿ ಸಲ ಹೊಸ ತೊಟ್ಟಿ ಕಟ್ಟುವ ಮುಂಚೆ ಶಿರಂಗಾಲಕ್ಕೆ ಹೋಗಿ, ಜಯಮ್ಮನ ಜೊತೆ ಹೊಳೆದಡದಲ್ಲಿ ಒಂದು ಬೆಳಗ್ಗೆ ಸುಮ್ಮನೆ ಕೂತು ಬರುತ್ತೇನೆ.