ಬೆಂಕಿ ಆಂಟಿಯ ಕಾವಲು

ಮೊನ್ನೆ ಶನಿವಾರ ಬೆಳಿಗ್ಗೆ ಸಿಡ್ನಿಯ ಬ್ಲ್ಯಾಕ್‌ಟೌನ್‌ನ ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಹೊಗೆಯ ವಾಸನೆ ಬಂತು. ಬೇಸಿಗೆಯಲ್ಲಿ ದೊಡ್ಡ ಕಾಳ್ಗಿಚ್ಚು ಏಳದಿರಲೆಂದು ಪಶ್ಚಿಮದ ಬೆಟ್ಟಗಳಲ್ಲಿ ಮೊದಲೇ ತರಗೆಲೆ ಸುಡುತ್ತಾರಲ್ಲ, ಅದರ ಹೊಗೆ. ಪಕ್ಕದ ಫ್ಲ್ಯಾಟಿನವರು ದಡಬಡ ಕಿಟಕಿ ಮುಚ್ಚಿದರು. ಕೆಳಗೆ ಯಾರೋ ಹಿಂದಿಯಲ್ಲಿ ಸರ್ಕಾರವನ್ನು ಬೈದರು. ನಾನು ಒದ್ದೆ ಟವೆಲನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಎಲೆ ಸುಟ್ಟ ವಾಸನೆಯೇ ಬೇರೆ, ಹುಲ್ಲು ಸುಟ್ಟ ವಾಸನೆಯೇ ಬೇರೆ ಎಂದು ನನಗೆ ಕಿವಿ ಹಿಂಡಿ ಕಲಿಸಿದವರೊಬ್ಬರಿದ್ದರು. ಇದು ಎಲೆಯದು. ಆದರೂ ನೆನಪಾದದ್ದು ಮೆಲ್ಬರ್ನಿನ ಹುಲ್ಲು... ಮತ್ತು ಬೆಂಕಿ ಆಂಟಿ.

ಅವರು ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು ಅಷ್ಟೆ. ನಾನು ಆಂಟಿ ಎನ್ನಬೇಕಾಗಿರಲಿಲ್ಲ. ಮಗಳು ಇಟ್ಟ ಹೆಸರು ನನ್ನ ಬಾಯಿಗೂ ಅಂಟಿಕೊಂಡಿತು. ಮೆಲ್ಬರ್ನಿನ ಅಂಚಿನ ವಿಂಡಮ್ ವೇಲ್‌ನಲ್ಲಿ ಆಗಿನ ನಮ್ಮ ಮನೆಯಿಂದ ಎರಡು ಮನೆ ಆಚೆ ಒಬ್ಬರೇ ಇದ್ದರು. ಚಳ್ಳಕೆರೆ ಕಡೆಯವರು. ಪರಿಸರ ವಿಜ್ಞಾನ ಓದಲು ಸ್ಟೂಡೆಂಟ್ ವೀಸಾದಲ್ಲಿ ಬಂದು, ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಕೊನೆಗೆ ಹಿಡಿದ ಕೆಲಸ ಹುಲ್ಲುಗಾವಲುಗಳಿಗೆ ಗಾಳಿ, ತೇವ ನೋಡಿಕೊಂಡು ಬೆಂಕಿ ಇಡುವುದು. ಕಂಪ್ಯೂಟರ್ ಮುಂದೆ ಕೂರುವುದಷ್ಟೇ ಕೆಲಸ ಎಂದುಕೊಂಡಿದ್ದ ನಮ್ಮ ಜನಕ್ಕೆ ಇದು ಜೀರ್ಣವಾಗಲಿಲ್ಲ. "ಇಲ್ಲಿಗ್ ಬಂದೂ ಬೆಂಕಿ ಹಚ್ಚೋ ಕೆಲಸಾನೇನ್ರೀ?" ಎಂದು ಯಾರಾದರೂ ಕೆಣಕಿದರೆ, "ನೀವು ಮನೆಮನೆಗೂ ಹಚ್ತೀರ, ನಾನು ಬರೀ ಹುಲ್ಲಿಗೆ ಹಚ್ತೀನಿ" ಎಂದು ನಗದೆ ಹೇಳುತ್ತಿದ್ದರು. ಅದಕ್ಕೇ ಅವರನ್ನು ಊಟಕ್ಕೆ ಕರೆಯುವವರು ಕಡಿಮೆ.

ನಮ್ಮ ಪರಿಚಯವಾದದ್ದು ನನ್ನ ಕಳ್ಳತನದಿಂದ. ಹೊಸ ಮನೆಯ ಹಿಂದಿನ ಬೇಲಿಯಾಚೆ ಮೊಣಕಾಲೆತ್ತರದ ಹುಲ್ಲಿನ ಬಯಲಿತ್ತು. ಬಿಲ್ಡರ್ ಕಣ್ಣಿಗೆ ಬೀಳದೆ ಉಳಿದ ಖಾಲಿ ಜಾಗವೆಂದು ನಾವು ತಿಳಿದಿದ್ದೆವು. ಸಂರಕ್ಷಿತ ಜಾಗವೆಂಬ ಬೋರ್ಡ್ ಇತ್ತು, ಓದಿರಲಿಲ್ಲ. ಗೃಹಪ್ರವೇಶಕ್ಕೆ ಒಂದು ವಾರವಿರುವಾಗ ಅಡ್ಡಾಡಲು ಹೋದರೆ ಹುಲ್ಲಿನ ನಡುವೆ ಸಾಲುಸಾಲಾಗಿ ಕೆಂಪು ಹೆಂಚುಗಳು. ಹೆಂಚು ಕಂಡ ಮೇಲೆ ನಮ್ಮವರ ಕೈ ಸುಮ್ಮನಿರುತ್ತದೆಯೇ? ಯಾರೋ ಎಸೆದು ಹೋಗಿದ್ದಾರೆಂದು ನಾನೂ ನನ್ನ ಗಂಡನೂ ಎರಡು ಸಲ ಹೊತ್ತು ತಂದೆವು. ತುಳಸಿ ಕುಂಡದ ಸುತ್ತ ಕಟ್ಟೆಯ ಹಾಗೆ ಜೋಡಿಸಿ ಮುಂದೆ ರಂಗೋಲಿ ಬಿಟ್ಟೆ.

ಗೃಹಪ್ರವೇಶಕ್ಕೆ ನೆರೆಯವರೆಂದು ಬಂದ ಆಂಟಿ ತುಳಸಿಯ ಮುಂದೆ ಬಗ್ಗಿ ಕುಳಿತರು. ಭಕ್ತಿ ಇರಬೇಕು ಎಂದುಕೊಂಡೆ. ಒಂದು ಹೆಂಚನ್ನು ಮಗುಚಿದರು. ಅಡಿಯಲ್ಲಿ ಬಿಳಿ ಪೇಂಟಿನಲ್ಲಿ ಹದಿನೇಳು ಎಂದು ನಂಬರ್ ಬರೆದಿತ್ತು.

"ಪೂಜೆ ಮುಗೀಲಿ. ನಾಳೆ ಎಲ್ಲಿಂದ ತಂದ್ರೋ ಅಲ್ಲೇ ಇಟ್ಟು ಬರೋಣ, ನಾನೂ ಬರ್ತೀನಿ" ಎಂದರಷ್ಟೆ. ಅಷ್ಟು ಜನರ ಮುಂದೆ ಮನೆಯೊಡತಿಯನ್ನು ಕಳ್ಳಿ ಎನ್ನದೆ ಬಿಟ್ಟರಲ್ಲ, ಆ ಋಣ ಇನ್ನೂ ಇದೆ.

ಆ ಹೆಂಚುಗಳು ಬಯಲಿನ ಅಪರೂಪದ ಹಲ್ಲಿಗಳಿಗೆಂದು ಆಂಟಿಯ ಕಡೆಯವರು ಹಾಸಿಟ್ಟವು. ಬಿಸಿಲಿಗೆ ಕಾದ ಹೆಂಚಿನಡಿ ಅವು ಬೆಚ್ಚಗೆ ಬಂದು ಮಲಗುತ್ತವೆ, ಎತ್ತಿ ನೋಡಿ ಲೆಕ್ಕ ಇಡುತ್ತಾರೆ. ಮರುದಿನ ಹೆಂಚುಗಳನ್ನು ನಂಬರಿನ ಪ್ರಕಾರ ಇಡುತ್ತಾ ಹೋಗುವಾಗ, ನಾವು ಕದಿಯದೆ ಬಿಟ್ಟಿದ್ದ ಒಂದನ್ನು ಎತ್ತಿದರು. ಪೆನ್ಸಿಲಿನಷ್ಟು ದಪ್ಪದ, ಮೈಮೇಲೆ ಗೆರೆಗಳಿದ್ದ ಬೂದು ಬಣ್ಣದ ಪ್ರಾಣಿ. ಹಾವಿನ ಮರಿ ಎಂದು ನಾನು ಹಿಂದಕ್ಕೆ ಹಾರಿದೆ. ಅವರು ನನ್ನ ತೋಳು ಹಿಡಿದು ಬಗ್ಗಿಸಿದರು. "ಕಿವಿ ನೋಡು. ಹಾವಿಗೆ ಕಿವಿ ಇರ್ತೈತಾ? ಇದು ಹಲ್ಲಿ. ಕಾಲು ಬ್ಯಾಡ ಅಂತ ಬಿಟ್ಟೈತೆ." ನಮ್ಮ ಬೀದಿಯಲ್ಲಿ ಅಂಥವನ್ನು ಪೊರಕೆಯಲ್ಲಿ ಹೊಡೆದವರಿದ್ದರು, ಹಾಲಿಟ್ಟು ಕೈಮುಗಿದವರೂ ಇದ್ದರು. ಕಿವಿ ನೋಡಿದವರು ಯಾರೂ ಇರಲಿಲ್ಲ.

ನಾವು ಖಾಲಿ ಜಾಗ ಎನ್ನುತ್ತಿದ್ದುದನ್ನು ಆಂಟಿ ಕಾವಲು ಎನ್ನುತ್ತಿದ್ದರು. ಅವರ ಊರ ಕಡೆ ದನ ಮೇಯುವ ಹುಲ್ಲುಗಾವಲಿಗೆ ಹಾಗೆನ್ನುತ್ತಾರಂತೆ. ಚಿಕ್ಕಂದಿನಲ್ಲಿ ತಾವು ಆಡಿದ ಕಾವಲಿನ ಬಗ್ಗೆ, ಅಲ್ಲಿನ ಕೃಷ್ಣಮೃಗಗಳ ಬಗ್ಗೆ ಒಂದೆರಡು ಸಲ ಹೇಳಿದ್ದರು. ನಾನು ಅಡುಗೆ ಮಾಡುತ್ತಾ ಅರೆಬರೆ ಕೇಳಿಸಿಕೊಂಡಿದ್ದೆ... ಈಗ ಕೇಳೋಣವೆಂದರೆ ಯಾರನ್ನು ಕೇಳಲಿ. ಆ ಬಯಲಲ್ಲಿ ಬೆಳೆದಿದ್ದ ಕಾಂಗರೂ ಹುಲ್ಲಿನ ವಿಷಯ ಮಾತ್ರ ಚೆನ್ನಾಗಿ ನೆನಪಿದೆ. ಕೆಲವು ವರ್ಷಕ್ಕೊಮ್ಮೆ ಸುಡದಿದ್ದರೆ ಅದು ತನ್ನದೇ ಒಣಕಡ್ಡಿಯ ಕೆಳಗೆ ಉಸಿರುಗಟ್ಟಿ ಸಾಯುತ್ತದೆ. ಬುಡದಲ್ಲಿರುವ ಸಣ್ಣ ಹಳದಿ ಹೂಗಳಿಗೆ ಬಿಸಿಲು ಸಿಗುವುದಿಲ್ಲ, ಹಲ್ಲಿಗೆ ಓಡಾಡಲು ಸಂದು ಸಿಗುವುದಿಲ್ಲ. ಹಾಗೆಂದು ಎಲ್ಲವನ್ನೂ ಒಟ್ಟಿಗೆ ಸುಡುವಂತೆಯೂ ಇಲ್ಲ. ಒಂದು ತುಂಡು ಸುಟ್ಟು ಪಕ್ಕದ ತುಂಡು ಬಿಡಬೇಕು. ಹಲ್ಲಿಗಳು ಮಣ್ಣಿನ ಬಿರುಕಿಗಿಳಿದು, ಬೆಂಕಿ ದಾಟಿದ ಮೇಲೆ ಎದ್ದು ಬರುತ್ತವೆ.

ಎರಡನೇ ವರ್ಷ, ಬೇಸಿಗೆ ಕಳೆದ ಮೇಲೆ, ಹಿಂದಿನ ಬಯಲನ್ನು ಸುಡುತ್ತೇವೆಂದು ಆಂಟಿಯ ಆಫೀಸಿನಿಂದ ಎಲ್ಲರ ಮನೆಗೂ ಕಾಗದ ಬಂತು. ನಮ್ಮ ಬೀದಿಯವರ ವಾಟ್ಸಾಪ್ ಗುಂಪು ಹೊತ್ತಿ ಉರಿಯಿತು. ಗುಂಪಿನ ಅಡ್ಮಿನ್, ನಾವೆಲ್ಲ ಅಂಕಲ್ ಎನ್ನುತ್ತಿದ್ದ ಹಿರಿಯರು, ಬೆಂಕಿ ಬೇಡವೆಂದು ಮನವಿ ಬರೆದರು. ಆಗ ನನ್ನ ಮಗಳಿಗೆ ಆರು ವರ್ಷ, ಆಸ್ತಮಾ ಇತ್ತು. ಆ ವರ್ಷ ಎರಡು ಸಲ ಆಂಬುಲೆನ್ಸ್ ಬಂದಿತ್ತು. ಮನವಿಯ ಮೊದಲ ಪ್ಯಾರಾವೇ ನನ್ನ ಮಗಳ ಉಸಿರಾಟ, ಮೊದಲ ಸಹಿಯೇ ನನ್ನದು. ಹಿಂದೆಮುಂದೆ ನೋಡದೆ ಹಾಕಿದ್ದೆ. ಹೆತ್ತವಳಿಗೆ ಹಲ್ಲಿ ಹೆಚ್ಚೋ, ಮಗಳು ಹೆಚ್ಚೋ?

ಮನವಿ ಓದಿದ ದಿನವೇ ಆಂಟಿ ನಮ್ಮ ಅಡುಗೆಮನೆಗೆ ಬಂದರು. ಜಗಳಕ್ಕೆ ಸಿದ್ಧಳಾಗಿದ್ದೆ. ಅವರು ಸ್ಟೂಲಿನ ಮೇಲೆ ಕುಳಿತು, ಮಗಳಿಗೆ ಉಬ್ಬಸ ಯಾವಾಗ ಬರುತ್ತದೆ, ಆಗ ಬಾಯಿಗಿಟ್ಟು ಎಳೆಯುವ ಪಫರ್ ಯಾವುದು, ಕಿಟಕಿಗಳು ಯಾವ ದಿಕ್ಕಿಗಿವೆ ಎಂದೆಲ್ಲ ಕೇಳಿದರು.

"ಹೊಗೆ ನಿನ್ ಮನೆ ಕಡೆ ಬರೋ ದಿನ ನಾನು ಕಡ್ಡಿ ಗೀರಲ್ಲ. ಆದ್ರೆ ಸುಡೋದಂತೂ ಸುಡ್ತೀನಿ. ಸಹಿ ವಾಪಸ್ ತಗೋ ಅಂತ ಕೇಳಾಕೆ ಬಂದಿಲ್ಲ."

ಮುಂದಿನ ಶನಿವಾರ ಸಬರ್ಬಿನ ಹಾಲ್‌ನಲ್ಲಿ ಮೀಟಿಂಗ್. ತುಂಬಿದ ಸಭೆಯಲ್ಲಿ ಆಂಟಿಯೊಬ್ಬರೇ ಒಂದು ಕಡೆ. ಅದೇ ಮಾತನ್ನು ಎಲ್ಲರ ಮುಂದೆ ಹೇಳಿದರು. ಮೆಷಿನ್ನಿನಲ್ಲಿ ಕತ್ತರಿಸಿದರಾಗದೇ ಎಂದು ಅಂಕಲ್ ಕೇಳಿದರೆ, ಕತ್ತರಿಸಿದ ಹುಲ್ಲು ಅಲ್ಲೇ ಬಿದ್ದು ಬುಡವನ್ನು ಮುಚ್ಚುತ್ತದೆ ಎಂದರು. ಈ ಹಲ್ಲಿಗಳಿಂದ ಯಾರಿಗೆ ಏನು ಉಪಯೋಗ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. "ನಿಮ್ಮಿಂದ ಏನು ಉಪಯೋಗ ಅಂತ ಅವು ಕೇಳಿಲ್ಲ" ಎಂದರು ಆಂಟಿ. ನಾನಾಗ ಎದ್ದು, ನನ್ನ ಸಹಿ ತೆಗೆಯಿರಿ ಎನ್ನಬೇಕಿತ್ತು. ತಲೆ ತಗ್ಗಿಸಿ ಕುಳಿತೇ ಇದ್ದೆ.

ಮನವಿ ಬಿದ್ದುಹೋಯಿತು, ಸುಡಲು ಒಪ್ಪಿಗೆ ಸಿಕ್ಕಿತು. ಆದರೆ ಆಂಟಿ ಸುಡಲಿಲ್ಲ. ಮೊದಲ ಸಲ ನೀರಿನ ಲಾರಿಗಳು ಬಂದು ನಿಂತವು. ನಮ್ಮ ಬೇಲಿಯ ಹತ್ತಿರ ನಿಂತು ಗಾಳಿ ನೋಡಿದರು. ಅದು ಮನೆಗಳ ಕಡೆ ತಿರುಗಿತ್ತು, ಎಲ್ಲರನ್ನೂ ವಾಪಸ್ ಕಳಿಸಿದರು. ಎರಡನೇ ಸಲವೂ ಹಾಗೇ, ಮೂರನೇ ಸಲವೂ ಹಾಗೇ. ಮೇಡಂ ಪಂಚಾಂಗ ನೋಡ್ತಿದ್ದಾರೆ ಎಂದು ಗುಂಪಿನಲ್ಲಿ ನಕ್ಕರು. ಮಳೆ ಹಿಡಿದರೆ ಹುಲ್ಲು ಹತ್ತುವುದಿಲ್ಲ, ಆ ವರ್ಷದ ಕೆಲಸ ಹೋದಂತೆಯೇ. ಅದು ನನಗೂ ಗೊತ್ತಿತ್ತು. ಅವರ ಮುಖ ದಿನದಿನಕ್ಕೆ ಬಿಗಿಯುತ್ತಿತ್ತು, ಕೊಟ್ಟ ಮಾತು ಮಾತ್ರ ಸಡಿಲವಾಗಲಿಲ್ಲ.

ನಾಲ್ಕನೇ ಸಲ ದಕ್ಷಿಣದಿಂದ ತಣ್ಣನೆಯ ಗಾಳಿ ಬೀಸಿ ಹೊಗೆಯನ್ನೆಲ್ಲ ಆಚೆಗೆ ಒಯ್ದಿತು. ಉರಿಯುವ ಎಣ್ಣೆ ತೊಟ್ಟಿಕ್ಕುವ ಡಬ್ಬ ಹಿಡಿದು ಅವರು ಗೆರೆ ಎಳೆದಂತೆ ನಡೆದರು. ಹುಲ್ಲು ಒಗ್ಗರಣೆಯ ಸಾಸಿವೆಯ ಹಾಗೆ ಚಟಪಟ ಸಿಡಿಯಿತು. ಮಗಳು ಕಿಟಕಿಗೆ ಮೂಗು ಒತ್ತಿ ನೋಡಿದಳು. ಪಫರ್ ಟೇಬಲ್ಲಿನ ಮೇಲೆ ಇದ್ದಲ್ಲೇ ಇತ್ತು. ಮಳೆ ಬಿದ್ದು ಕೆಲವೇ ವಾರಗಳಲ್ಲಿ ಕಪ್ಪು ನೆಲದಲ್ಲಿ ಹಸಿರು ಎದ್ದಿತು. ಮುಂದಿನ ವಸಂತದಲ್ಲಿ ಹಳದಿ ಹೂ ಬಂದವು. ಒಂದೇ ಹೆಂಚಿನಡಿ ಎರಡು ಹಲ್ಲಿ ಸಿಕ್ಕ ದಿನ ಆಂಟಿ ನನ್ನನ್ನು ಕರೆಯಲಿಲ್ಲ, ಮಗಳನ್ನು ಕರೆದು ತೋರಿಸಿದರು.

ಆಮೇಲೆ ಕೆಲಸದ ಮೇಲೆ ನಾವು ಸಿಡ್ನಿಗೆ ಬಂದೆವು. ಎರಡು ವರ್ಷದ ಹಿಂದೆ ಆಂಟಿ ಗರ್ಭಕೋಶದ ಕ್ಯಾನ್ಸರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ನಾನು ಹೋಗಿದ್ದೆ. ಎಲ್ಲ ಮುಗಿದು ಕಾಫಿ ಕುಡಿಯುವಾಗ ಹಳೆಯ ನೆರೆಯವರೊಬ್ಬರು, ಅಷ್ಟು ಹೊಗೆ ಕುಡಿದರೆ ಇನ್ನೇನಾಗುತ್ತದೆ ಪಾಪ, ಎಂದರು. ಮೈ ಉರಿಯಿತು. ಗರ್ಭಕೋಶಕ್ಕೂ ಹುಲ್ಲಿನ ಹೊಗೆಗೂ ಎತ್ತಣ ಸಂಬಂಧ? ಸತ್ತ ಮೇಲೂ ತಪ್ಪು ಅವರದ್ದೇ ಆಗಬೇಕೇ? ಆದರೆ ಅವತ್ತೂ ನಾನು ಬಾಯಿ ಬಿಡಲಿಲ್ಲ. ಅದು ಎರಡನೇ ಸಲ.

ಅವರು ಹೋದ ಮೇಲೆ ಆ ಕಾವಲಿಗೆ ಬೆಂಕಿ ಬಿದ್ದಿಲ್ಲ. ಈಗ ಹೊಸ ಮನವಿ, ಇನ್ನೆಂದೂ ಸುಡಕೂಡದೆಂದು. ಆ ಮನೆ ಇನ್ನೂ ನಮ್ಮದೇ, ರೆಂಟಿಗೆ ಕೊಟ್ಟಿದ್ದೇವೆ. ಹಾಗಾಗಿ ಅಂಕಲ್ ಕಳೆದ ವಾರ ನನಗೂ ಅದನ್ನು ಕಳಿಸಿದ್ದರು. ಹಳೆಯದನ್ನೇ ತಿದ್ದಿದ್ದರು, ಮೊದಲ ಹೆಸರು ನನ್ನದೇ ಉಳಿದಿತ್ತು. ಮೊದಲ ಪ್ಯಾರಾದಲ್ಲಿ ನನ್ನ ಮಗಳು ಹಾಗೇ ಇದ್ದಳು, ಇನ್ನೂ ಆರು ವರ್ಷದವಳಾಗಿ. ಈಗ ಅವಳು ನನಗಿಂತ ಎತ್ತರ. ಒಂದು ವಾರ ಉತ್ತರಿಸದೆ ಕುಳಿತಿದ್ದೆ. ಮೊನ್ನೆ ಆ ಹೊಗೆ ಬಂದಾಗ ಟವೆಲನ್ನು ಹಗ್ಗಕ್ಕೆ ಎಸೆದು ಒಳಗೆ ಬಂದು ಅವರಿಗೆ ಫೋನ್ ಮಾಡಿದೆ.

"ಅಂಕಲ್, ನನ್ನ ಹೆಸರು ತೆಗೀರಿ. ಮಗಳ ವಿಷಯಾನೂ ತೆಗೀರಿ."

"ಯಾಕಮ್ಮಾ, ಅವತ್ತು ಮೊದಲು ಸಹಿ ಹಾಕಿದ್ದೇ ನೀನಲ್ವಾ?"

"ತಪ್ಪು ಮಾಡಿದ್ದೆ. ಬೆಂಕಿ ಬೇಕು ಅನ್ನೋರ ಪಟ್ಟೀಲಿ ಹಾಕಿ."

ಅಂಥ ಪಟ್ಟಿಯೇ ಇಲ್ಲವೆಂದರು.

"ಹಾಗಾದ್ರೆ ನನ್ನಿಂದ ಶುರು ಮಾಡಿ."

ಸೋಫಾದಲ್ಲಿದ್ದ ಮಗಳು ಫೋನಿನಿಂದ ತಲೆ ಎತ್ತಿದಳು. ಮಾತೆಲ್ಲ ಅರ್ಥವಾಗಿತ್ತು. "ಪುಟ್ ಮೈನ್ ಟೂ, ಅಮ್ಮ" ಎಂದಳು.

ಅಂಕಲ್ ಶುರು ಮಾಡಲಿಲ್ಲ. ನಾನೇ ಗುಂಪಿನಲ್ಲಿ ಪಟ್ಟಿ ಹಾಕಿದೆ. ಎರಡು ಹೆಸರು. ಐದು ದಿನವಾಯಿತು, ಈಗಲೂ ಎರಡೇ. ಕೆಲವರು ನಗುವ ಮುಖ ಹಾಕಿದ್ದಾರೆ, ಇಬ್ಬರು ಗುಂಪು ಬಿಟ್ಟು ಹೋಗಿದ್ದಾರೆ. ಹೋಗಲಿ. ನಾನು ಅಳಿಸುವುದಿಲ್ಲ. ಆಂಟಿ ಇದ್ದಿದ್ದರೆ... ಇದ್ದಿದ್ದರೆ ಪಟ್ಟಿಯೇ ಬೇಕಿರಲಿಲ್ಲ, ಅವರೊಬ್ಬರೇ ಸಾಕಾಗಿತ್ತು.