ಏಳಂತಸ್ತು ಮತ್ತು ನಮ್ಮ ಮಾಳಿಗೆ

ಮಾನ್ವಿ ಬಸ್ಸು ರಾಯಚೂರು ಸಮೀಪಿಸುವಾಗ ಮೊದಲು ಕಾಣುತ್ತಿದ್ದದ್ದು ಗುಡ್ಡದ ಮೇಲಿನ ಕೋಟೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅದಕ್ಕೂ ಮುಂಚೆ ಕಾಲೇಜಿನ ಹೊಸ ಕಟ್ಟಡ ಕಾಣತೊಡಗಿತು. ಊರವರ ಬಾಯಲ್ಲಿ ಅದು ಬರೀ ಏಳಂತಸ್ತು. ಟಾಂಗಾದವನಿಗೆ "ಏಳಂತಸ್ತಿನ ಹಿಂದ" ಅಂದರೆ ಸೀದಾ ನಮ್ಮ ಮನೆಗೆ ತಂದು ಬಿಡುತ್ತಿದ್ದ. ನಮಗೂ ಜಂಬವೇ.

ಆದರೆ ಅದು ಏಳುವ ಮೊದಲು ನಮ್ಮ ಮಾಳಿಗೆಗೂ, ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯವಳ ಮಾಳಿಗೆಗೂ ನಡುವೆ ಇದ್ದದ್ದು ಮೊಣಕಾಲೆತ್ತರದ ಗೋಡೆ. ಬಿಸಿಲು ಇಳಿದಾಗ ಅವ್ವ ತನ್ನ ತವರು ದೇವದುರ್ಗದಿಂದ ಬಂದ ಮೆಣಸಿನಕಾಯಿ ತಿರುವಿ ಹಾಕಲು ಹತ್ತುವಳು. ಖಾಲಾ ಕೂದಲು ಒಣಗಿಸಲು ಬರುವಳು. ಖಾಲಾನ ಕನ್ನಡದಲ್ಲಿ ಅರ್ಧ ದಖನಿ ಉರ್ದು, ಅವ್ವನ ದಖನಿಯಲ್ಲಿ ಮುಕ್ಕಾಲು ಕನ್ನಡ. ನಾನು ಮಾತು ಕಲಿತದ್ದೇ ಅವರಿಬ್ಬರ ನಡುವೆ ಕೂತು.

ಕಟ್ಟಡ ಏರಿದಂತೆ ಖಾಲಾನ ಗಂಡನಿಗೆ ಚಿಂತೆ ಹತ್ತಿತು. ಕಾಲೇಜು ಹುಡುಗರು ಮೇಲಿನಿಂದ ಹೆಂಗಸರನ್ನು ನೋಡುತ್ತಾರಲ್ಲ!

"ಪಾಠ ಕೇಳಾಕ ಬರ್ತಾರೋ, ನನ್ನ ಬಿಳಿಕೂದಲಾ ಎಣಸಾಕ ಬರ್ತಾರೋ?" ಅಂದಳು ಖಾಲಾ.

ಅವಳ ನಗೆ ನಡೆಯಲಿಲ್ಲ. ಖಾಲಾನ ಮನೆಯಿಂದ ನೋಡಿದರೆ ಏಳಂತಸ್ತು ಇದ್ದದ್ದು ನಮ್ಮ ಮನೆಯ ಆಚೆಗೆ. ಹಾಗಾಗಿ ಆಳೆತ್ತರದ ಗೋಡೆ ಎದ್ದದ್ದೂ ನಮ್ಮ ಕಡೆಗೇ. ಮೇಲೆ ತಗಡು ಹೊದಿಸಿದರು. ರಾಯಚೂರಿನ ಬೇಸಿಗೆಯಲ್ಲಿ ತಗಡಿನಡಿ ಯಾರು ಕೂಡಬೇಕು? ಖಾಲಾ ಹತ್ತುವುದನ್ನೇ ಬಿಟ್ಟಳು. ಅವ್ವ ಒಬ್ಬಳೇ ಮೆಣಸಿನಕಾಯಿ ತಿರುವಿ ಲಗೂನ ಇಳಿದು ಬರುವಳು.

ಕೆಲವು ವರ್ಷಗಳ ಮೇಲೆ ನಾನೇ ಅಲ್ಲಿ ಓದಲು ಸೇರಿದೆ. ಮೊದಲ ದಿನವೇ ಏಳನೆಯ ಅಂತಸ್ತಿಗೆ ಹತ್ತಿ, ನಮ್ಮ ಓಣಿ ಕಡೆಯ ಕಿಟಕಿಗೆ ಹೋದೆ. ಬಿಸಿಲು ತಡೆಯಲೆಂದು ಹೊರಗೆ ಒಂದರ ಮೇಲೊಂದು ಕಾಂಕ್ರೀಟಿನ ಅಡ್ಡಪಟ್ಟಿ ಕೂರಿಸಿದ್ದರು. ಸಂದಿಯಲ್ಲಿ ಕೋಟೆ ಕಂಡಿತು, ಆಕಾಶ ಕಂಡಿತು. ಕತ್ತು ಎಷ್ಟು ಚಾಚಿದರೂ ಕೆಳಗಿನ ಒಂದು ಮಾಳಿಗೆಯೂ ಕಾಣಲಿಲ್ಲ. ಕೆಳಗಿನ ಅಂತಸ್ತುಗಳಲ್ಲೂ ಅದೇ ಕಥೆ.

ಓಡಿ ಬಂದು ಖಾಲಾನಿಗೆ ಹೇಳಿದೆ.

"ಅಲಲೇ, ಹೋದ ದಿನಾನ ನನ್ನ ಮಾಳಗಿ ಹುಡುಕೀದ್ಯಾ? ನಮ್ಮ ಮನಿಯವರು ಹೆದರಿದ್ದು ನಿನಗ ನೋಡು!" ಎಂದು ನಕ್ಕಳು.

"ಗ್ವಾಡಿ ತೆಗಸ್ರಿ ಹಂಗಾರ."

"ಈಗ್ಯಾಕ ಬೇಟಾ? ಮೆಟ್ಟಲಾ ಹತ್ತಾಕ ಮೊಣಕಾಲು ಒಪ್ಪಂಗಿಲ್ಲ." ನಮ್ಮ ಮನೆ ಕಡೆ ನೋಡಿ ಅಂದಳು: "ನಿಮ್ಮವ್ವಗ ಹೇಳಬ್ಯಾಡ. ಸುಮ್ನ ಹಳಹಳಿಸ್ತಾಳ."

ಸಂಜೆ ಅವ್ವ ಕೇಳಿದಳು: "ಮ್ಯಾಲಿಂದ ನಮ್ಮ ಮೆಣಸಿನಕಾಯಿ ಕಾಣ್ತಾವೇನೋ?"

"ಕಾಣ್ತಾವಬೇ," ಅಂದೆ. "ಕೆಂಪಗ ಕಾಣ್ತಾವ."